ನಾಲ್ಕನೇ ಕೌಂಟರಿನ ಅಕ್ಕ

ಹತ್ತನೆಯ ಸ್ಕೂಟರನ್ನು ಎತ್ತಿ ಗೋಡೆಗೆ ಸರಿಸುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಂಡಿತು. ಶವ ಒಯ್ಯುವ ವ್ಯಾನು ಗಲ್ಲಿಯ ತಿರುವಿನಲ್ಲೇ ನಿಂತು ಹಾರನ್ ಮಾಡುತ್ತಿತ್ತು. ಮನೆಯ ಬಾಗಿಲತನಕ ಬರಲು ಜಾಗವೆಲ್ಲಿ? ಉದ್ದಕ್ಕೂ ಸ್ಕೂಟರು, ಬೈಕು, ಸೈಕಲ್ಲು. ಗುಮಾಸ್ತೆಯೊಬ್ಬಳ ಸಾವಿಗೆ ಇಷ್ಟು ಜನ ಎಲ್ಲಿಂದ ಬಂದರೋ ಅವನಿಗೆ ತಿಳಿಯಲಿಲ್ಲ. ಆದರೂ ಒಳ್ಳೆಯದೇ ಆಯಿತು. ಗಾಡಿ ಎತ್ತಿಡುವ ನೆಪ ಇರುವಷ್ಟು ಹೊತ್ತು ಒಳಗೆ ಹೋಗಬೇಕಿಲ್ಲ. ಒಳಗೆ ಮಲಗಿದ್ದವಳು ಹತ್ತೊಂಬತ್ತು ವರ್ಷಗಳ ಹಿಂದೆ ಅವನಿಂದ ವಿಚ್ಛೇದನ ಪಡೆದ ಹೆಂಡತಿ. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದವನು ಅವಳ ಅಣ್ಣ. ಬೆಳಿಗ್ಗೆ ಒಮ್ಮೆ ಕಣ್ಣು ಕಲೆತಾಗ ಮುಖ ತಿರುಗಿಸಿಕೊಂಡಿದ್ದ.

ಮುಂದಿನ ಬೈಕಿನ ಇನ್ನೊಂದು ತುದಿಗೆ ಯಾರೋ ಕೈಹಾಕಿದರು. ಕೊರಳಲ್ಲಿನ ಅಳತೆಯ ಟೇಪು ತೆಗೆಯಲು ಮರೆತು ಬಂದಿದ್ದ ದರ್ಜಿ.

"ನೀವು ಯಾರ ಕಡೆಯವರು?" ಅವನು ದರ್ಜಿಯನ್ನು ಕೇಳಿದ.

"ಕೋರ್ಟ್ ಕಡೆ," ದರ್ಜಿ ಹೇಳಿದ. "ಇಲ್ಲಿರೋರೆಲ್ಲ ಹೆಚ್ಚುಕಮ್ಮಿ ಅಲ್ಲಿಯವರೇ. ಫ್ಯಾಮಿಲಿ ಕೋರ್ಟು, ನಾಲ್ಕನೇ ಕೌಂಟರು. ಸಂಸಾರ ಮುರಿದುಕೊಂಡು ಹೋದಾಗ ನಾವು ಮೊದಲು ನೋಡಿದ ಮುಖ ಅಕ್ಕಂದು. ಲಾಯರು ಗಂಟೆಗಟ್ಟಲೆ ಹೇಳಿದ್ರೂ ತಲೆಗೆ ಹೋಗದೇ ಇದ್ದಿದ್ದನ್ನ, ಚೀಟಿ ಮೇಲೆ ಪೆನ್ಸಿಲಲ್ಲಿ ನಾಲ್ಕು ಗೆರೆ ಎಳೆದು ಹೇಳಿಬಿಡೋರು."

ಆ ಪೆನ್ಸಿಲಿನ ಮೊನೆ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

*

ಅವನಿಗೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಅದು ಮುಳುಗುತ್ತಿರುವುದನ್ನು ಎರಡು ವರ್ಷ ಹೆಂಡತಿಯಿಂದ ಮುಚ್ಚಿಟ್ಟಿದ್ದ. ಬಡತನಕ್ಕಲ್ಲ, ಸುಳ್ಳಿಗೆ ಬೇಸತ್ತು ಅವಳು ಏಳು ವರ್ಷದ ಮಗಳ ಕೈಹಿಡಿದು ಹೊರಟಿದ್ದಳು. ವಿಚ್ಛೇದನವಾಗಿ ವರ್ಷ ತುಂಬುವುದರೊಳಗೆ ಪ್ರೆಸ್ಸಿಗೆ ಬೀಗ ಬಿತ್ತು. ದಿವಾಳಿ ಅರ್ಜಿಯ ಇಪ್ಪತ್ತು ಪುಟ ಹಿಡಿದು, ಬೇರೆ ದಾರಿ ಕಾಣದೆ, ಅವನು ನಾಲ್ಕನೇ ಕೌಂಟರಿನ ಮುಂದೆ ನಿಂತ.

"ನಿಮ್ಮ ಅರ್ಜಿ ನಾನು ಮುಟ್ಟೋ ಹಾಗಿಲ್ಲ. ಇದು ಸಿವಿಲ್ ಕೋರ್ಟಿಗೆ ಹೋಗಬೇಕು," ಎಂದಳು ಅವಳು. ಅವನು ಹೊರಡಲು ತಿರುಗಿದಾಗ, "ನಿಲ್ಲಿ. ಓದಿ ಹೇಳೋದಕ್ಕೇನೂ ಅಡ್ಡಿಯಿಲ್ಲ" ಎಂದು ಕನ್ನಡಕ ಏರಿಸಿದಳು.

ಪುಟ ತಿರುವುತ್ತ ಪೆನ್ಸಿಲು ಒಂದು ಕಡೆ ನಿಂತಿತು. "ಕಟಿಂಗ್ ಮೆಷಿನ್ ನಿಮ್ಮ ತಮ್ಮನ ಹೆಸರಿಗೆ ಯಾವಾಗ ಹೋಯ್ತು?"

"ಹೋದ ತಿಂಗಳು."

"ವಾಪಸ್ ಬರೆಸ್ಕೊಳ್ಳಿ. ಅರ್ಜಿ ಹಾಕೋ ಮುಂಚೆ ಹೀಗೆ ದಾಟಿಸಿದ್ದನ್ನ ಕೋರ್ಟು ಎಳೆದು ತರುತ್ತೆ. ಆಮೇಲೆ ನಿಮ್ಮ ಮಾತು ಯಾರೂ ನಂಬಲ್ಲ."

ಅವನು ತಲೆತಗ್ಗಿಸಿದ. ಪೆನ್ಸಿಲು ಸಾಲಗಳ ಪಟ್ಟಿಯ ಕೊನೆಗೆ ಹೋಯಿತು. ಅಲ್ಲಿ ಮಗಳ ಜೀವನಾಂಶದ ಏಳು ತಿಂಗಳ ಬಾಕಿ ಇತ್ತು.

"ಇದನ್ನೂ ಬರೆದಿದ್ದು ಸರಿ. ಆದ್ರೆ ಒಂದು ತಿಳ್ಕೊಳ್ಳಿ. ಮಿಕ್ಕ ಸಾಲ ಕೋರ್ಟು ಮನ್ನಾ ಮಾಡಬಹುದು. ಇದು ಮಾತ್ರ ಹೋಗಲ್ಲ."

"ದಿವಾಳಿ ಎದ್ದವನ ಹತ್ರ ಏನಿರುತ್ತೆ? ಎಲ್ಲಿಂದ ತರಲಿ?" ಅವನು ದನಿ ಏರಿಸಿದ. "ನಿನಗೇನು, ಗೆದ್ದೆ!"

ಸರದಿಯಲ್ಲಿದ್ದವರು ಕತ್ತು ಚಾಚಿದರು. ಅವಳು ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಡ್ರಾಯರ್ ಎಳೆದು ಒಂದು ಹಳದಿ ಫಾರ್ಮು ತೆಗೆದು ಅವನತ್ತ ಸರಿಸಿದಳು. ಜೀವನಾಂಶ ಕಡಿಮೆ ಮಾಡಿ ಎಂದು ಕೇಳಿಕೊಳ್ಳುವ ಅರ್ಜಿ. ಕಡಿಮೆಯಾದರೆ ಅವಳ ಮನೆಗೇ ಕಡಿಮೆ.

"ಕೇಳೋದು ನಾಚಿಕೆ ಅಲ್ಲ. ಕೇಳದೆ ನಿಲ್ಲಿಸಿಬಿಡೋದು ತಪ್ಪು. ಇಲ್ಲಿ ಸಹಿ ಮಾಡಿ, ಇಲ್ಲಿ ತಾರೀಖು," ಎಂದಳು. ಆಮೇಲೆ ಅವನ ಹಿಂದೆ ನಿಂತಿದ್ದವರನ್ನು ನೋಡಿ, "ಮುಂದಿನವರು ಬನ್ನಿ" ಎಂದಳು.

*

"ನಾನೂ ಮಗಳಿಗೆ ಕೊಡೋದು ನಿಲ್ಲಿಸಿಬಿಟ್ಟಿದ್ದೆ," ದರ್ಜಿ ಬೈಕನ್ನು ಗೋಡೆಗೆ ಒರಗಿಸಿದ. "ಅಂಗಡಿ ನೆಲಕಚ್ಚಿತ್ತು. ಎಲ್ಲಾದ್ರೂ ಓಡಿಹೋಗೋಣ ಅಂತಿದ್ದೆ. ಆಗ ಅಕ್ಕ ಒಬ್ಬರ ವಿಷಯ ಹೇಳಿದ್ರು. ಹೆಸರು ಹೇಳಲಿಲ್ಲ. ಯಾರೋ ಪ್ರೆಸ್ ಇಟ್ಟಿದ್ದವರು. ಎಲ್ಲಾ ಕಳಕೊಂಡು ಜೀವನಾಂಶ ಕಡಿಮೆ ಮಾಡಿಸ್ಕೊಂಡ್ರಂತೆ."

"ಅದರಲ್ಲೇನಿದೆ? ಬೇಕಾದಷ್ಟು ಜನ ಮಾಡಿಸ್ಕೋತಾರೆ."

"ಕತೆ ಅದಲ್ಲ ಸ್ವಾಮಿ. ನಾಲ್ಕು ವರ್ಷ ಆದ್ಮೇಲೆ ಆ ಪುಣ್ಯಾತ್ಮ ತಾನೇ ಬಂದು, ನಾನೀಗ ಇನ್ನೊಬ್ಬರ ಪ್ರೆಸ್ಸಲ್ಲಿ ಕೆಲಸಕ್ಕಿದ್ದೀನಿ, ಸಂಬಳ ಜಾಸ್ತಿಯಾಗಿದೆ, ಮಗಳಿಗೆ ಕೊಡೋದನ್ನ ಹೆಚ್ಚು ಮಾಡಿ ಅಂತ ಅರ್ಜಿ ಹಾಕಿದ್ರಂತೆ. ಯಾರೂ ಕೇಳಿರಲಿಲ್ಲ, ಯಾರೂ ನೋಟಿಸ್ ಕಳಿಸಿರಲಿಲ್ಲ. 'ಇಪ್ಪತ್ತೆಂಟು ವರ್ಷದಲ್ಲಿ ಅಂಥ ಅರ್ಜಿ ಇನ್ನೊಂದು ನೋಡಿಲ್ಲ. ಅವತ್ತು ನನಗೆ ತಲೆ ಎತ್ತೋಕಾಗಲಿಲ್ಲ, ಕಣ್ಣಲ್ಲಿ ನೀರಿತ್ತು' ಅಂದ್ರು ಅಕ್ಕ. ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಆ ಪ್ರೆಸ್ಸಿನವರು ಎಲ್ಲರಿಗೂ ಗೊತ್ತು."

ಅವನು ಸ್ಕೂಟರೊಂದರ ಸೀಟನ್ನು ಹಿಡಿದು ನಿಂತ. ಆ ದಿನ ಅವನಿಗೆ ನೆನಪಿತ್ತು. ಅರ್ಜಿಯನ್ನು ಪಕ್ಕದ ಕೌಂಟರಿಗೆ ಕೊಟ್ಟಿದ್ದ. ಅವಳು ತಗ್ಗಿಸಿದ ತಲೆ ಎತ್ತಿರಲಿಲ್ಲ. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು ಮೆಟ್ಟಿಲಿಳಿದಿದ್ದ. ಅಷ್ಟು ವರ್ಷವೂ ಹಾಗೆಯೇ ಅಂದುಕೊಂಡಿದ್ದ.

"ಅಂದಹಾಗೆ ನೀವು ಯಾರ ಕಡೆ?" ದರ್ಜಿ ಕೇಳಿದ.

ಉತ್ತರಕ್ಕೆ ಮೊದಲೇ ಮಗಳು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಅತ್ತೂ ಅತ್ತೂ ಮುಖ ಊದಿತ್ತು. "ಅಪ್ಪಾ, ಇಲ್ಲೇನು ಮಾಡ್ತಿದ್ದೀರ? ಬೆಳಗಿಂದ ಹುಡುಕ್ತಿದ್ದೀನಿ. ಬನ್ನಿ, ಅಮ್ಮನಿಗೆ ಹೆಗಲು ಕೊಡಿ."

ಬಾಗಿಲಿನಿಂದ ಸೋದರಮಾವನ ದನಿ ಬಂತು. "ಅವನ್ಯಾಕೆ? ಕೋರ್ಟೇ ಬೇರೆ ಮಾಡಿದೆ. ಕಾಗದದ ಪ್ರಕಾರ ಅವನು ಈ ಮನೆಗೆ ಏನೂ ಅಲ್ಲ."

"ಆ ಕಾಗದ ನಾನೂ ಓದಿದೀನಿ ಮಾವ," ಮಗಳು ತಿರುಗಿ ನಿಂತಳು. "ಅಮ್ಮನೇ ಓದಿಸಿದ್ರು. ಬೇರೆಯಾಗಿದ್ದು ಗಂಡ ಹೆಂಡತಿ. ಅಪ್ಪ, ಮಗಳು ಬೇರೆಯಾದ್ರು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಇವತ್ತು ನಾನು ಕರೀತಿದ್ದೀನಿ."

ಮಾವ ಬಾಗಿಲಿನಿಂದ ಪಕ್ಕಕ್ಕೆ ಸರಿದ.

ದರ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೆರಳ ಸಂದಿನಲ್ಲಿ ಎಷ್ಟು ತೊಳೆದರೂ ಹೋಗದ ಪ್ರೆಸ್ಸಿನ ಮಸಿ ಇತ್ತು.

"ನೀವು... ನೀವೇನಾ?"

ಅವನು ಮನೆಯತ್ತ ಹೆಜ್ಜೆಯಿಟ್ಟ. ಆದರೆ ಮಾತು ಅವನಿಗಿಂತ ಮುಂದೆ ಹೋಯಿತು. ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ದಾಟುತ್ತ ಅದು ಮನೆಯ ಮೆಟ್ಟಿಲು ಮುಟ್ಟುವುದೂ ಗಲ್ಲಿಯ ಗುಸುಗುಸು ನಿಲ್ಲುವುದೂ ಒಂದೇ ಆಯಿತು. ಗುರುತಿಲ್ಲದ ಹೆಂಗಸೊಬ್ಬಳು ಅವನಿಗೆ ಕೈಮುಗಿದಳು. ದಿವಾಳಿ ಎದ್ದವನು ಎಂಬ ಹೆಸರು ಹೊತ್ತು ಬಂದಿದ್ದವನು ತಾನೂ ಕೈಮುಗಿದ. ಮಗಳು ಅವನ ಮೊಣಕೈ ಹಿಡಿದುಕೊಂಡಳು.

ಚಟ್ಟದಲ್ಲಿ ಅವಳ ಅಮ್ಮನನ್ನು ಹೊರಗೆ ತಂದಾಗ ಮುಂದೆ ಅವನೂ ಮಗಳೂ ಹೆಗಲು ಕೊಟ್ಟರು. ಹಿಂದೆ ಮಾವ, ಅವನ ಪಕ್ಕದಲ್ಲಿ ದರ್ಜಿ. ಅವಳು ಇಷ್ಟು ಹಗುರ ಎಂದು ಅವನಿಗೆ ಎಂದೂ ಗೊತ್ತಿರಲಿಲ್ಲ.

ಜನ ಗಲ್ಲಿಯ ಎರಡೂ ಬದಿಗೆ ಸರಿದರು. ಆಗ ಅವನ ಕಣ್ಣಿಗೆ ಬಿತ್ತು: ಎಷ್ಟೋ ಮಂದಿ ಕೋರ್ಟಿನಲ್ಲಿ ಬೇರೆಯಾದ ಜೋಡಿಗಳೇ, ಆ ಬದಿಗೊಬ್ಬರು, ಈ ಬದಿಗೊಬ್ಬರು ನಿಂತಿದ್ದರು. ಎಡಗಡೆಯ ಹೆಂಗಸಿನ ಕೈಬಿಡಿಸಿಕೊಂಡು ಎಂಟು ವರ್ಷದ ಹುಡುಗಿಯೊಬ್ಬಳು ಬಲಗಡೆಯ ಗಂಡಸಿನ ಬಳಿಗೆ ಓಡಿದಳು, ಅವನ ಬಾಟಲಿಯಿಂದ ಗಟಗಟನೆ ನೀರು ಕುಡಿದಳು, ಬಾಯಿ ಒರೆಸಿಕೊಂಡು ಮತ್ತೆ ಈ ಬದಿಗೆ ದಾಟಿದಳು. ಯಾರೂ ಅವಳನ್ನು ಕರೆಯಲಿಲ್ಲ, ಯಾರೂ ತಡೆಯಲಿಲ್ಲ.