ನಾನಕಟಾಯಿಯ ಸರದಿ

ಮೂರನೆಯ ರೊಟ್ಟಿ ಹಂಚಿನ ಮೇಲಿತ್ತು, ನಾಲ್ಕನೆಯದನ್ನು ಬಡಿಯುತ್ತಿದ್ದೆ. ಅಷ್ಟರಲ್ಲಿ ನಾಲ್ಕಾರು ಬಾಡಿಗೆ ಸಂಸಾರಗಳಿದ್ದ ವಾಡೆಯ ಅಂಗಳದಿಂದ ಯಾರೋ ಮರಾಠಿಯಲ್ಲಿ, "ಕಾನಡಿ ಮನೆಯವರು ಇದ್ದೀರೇನು?" ಎಂದು ಕೂಗಿದರು. ಹಿಟ್ಟಿನ ಕೈಯಲ್ಲೇ ಎದ್ದು ಹೋದೆ. ಹುಡುಗಿಯರ ಶಾಲೆಯ ಆಯಾ ರಂಗೂಬಾಯಿ ನಿಂತಿದ್ದಳು. ಅವಳ ಬೆನ್ನ ಹಿಂದೆ ನನ್ನ ಏಳು ವರ್ಷದ ಮಗಳು ಗಂಗೂ. ಲಂಗ ಒದ್ದೆಯಾಗಿತ್ತು.

"ಈ ತಿಂಗಳಲ್ಲಿ ಇದು ಮೂರನೇ ಸಲ," ಎಂದಳು ರಂಗೂಬಾಯಿ. ಬೈಯುವ ಧ್ವನಿಯಲ್ಲ, ದಣಿದ ಧ್ವನಿ. "ಎದ್ದು ನಿಂತು ಕೇಳಿದರೆ ಯಾರು ಬೇಡ ಅಂತಾರೆ? ಮಧ್ಯಾಹ್ನ ಹೆಡ್ಬಾಯಿಯವರು ನಿಮ್ಮನ್ನು ಕರೆದಿದ್ದಾರೆ."

ಒಳಗಿನಿಂದ ಅತ್ತೆ ಬಸವಣ್ಣೆವ್ವ ಕೂಗಿದರು: "ರೊಟ್ಟಿ ಹೊತ್ತಿ ಹೊಂಟದ! ಯಾರವಾ ಅದು?"

ರೊಟ್ಟಿ ಕಪ್ಪಗಾಗಿತ್ತು. ನಾನು ಮಗುವಿಗೆ ಬಿಸಿನೀರು ಹಾಕಿ, ಬೇರೆ ಲಂಗ ಉಡಿಸಿದೆ. ಅವಳು ಅಳಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, "ಅವ್ವಾ, ನಾಳೆ ಹೋಗೂದು ಬ್ಯಾಡ," ಎಂದಳಷ್ಟೆ.

ಧಾರವಾಡದಿಂದ ನಮ್ಮ ಮನೆಯವರಿಗೆ ಪುಣೆಯ ಕಚೇರಿಗೆ ಬದಲಿಯಾಗಿ ನಾವು ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ. ಜೂನಿನಲ್ಲಿ ಗಂಗೂಳನ್ನು ಮರಾಠಿ ಶಾಲೆಗೆ ಹಾಕಿದೆವು. ಮೊದಲ ವಾರವೇ ಅವಳು ಎದ್ದು ನಿಂತು, ಹೊರಗೆ ಹೋಗಲೇ ಎಂದು ಮನೆಯ ಮಾತಿನಲ್ಲಿ ಕೇಳಿಬಿಟ್ಟಳು. ಇಡೀ ವರ್ಗ ನಕ್ಕಿತು. ಅಂದಿನಿಂದ ಹೊಸ್ತಿಲು ದಾಟಿದರೆ ಅವಳದು ಮೌನ. ಮರಾಠಿ ಬಾರದೆಂದಲ್ಲ. ಹಿತ್ತಿಲಲ್ಲಿ ಹಿತ್ತಾಳೆ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಅವಕ್ಕೆ ಚೆಂದದ ಮರಾಠಿಯಲ್ಲಿ ಪಾಠ ಹೇಳುವುದನ್ನು ನಾನೇ ಕೇಳಿದ್ದೇನೆ. "ಮೀ ಜಾವೂ ಕಾ?", ನಾನು ಹೋಗಲೇ, ಎಂಬ ಮೂರು ಮಾತು ಆಕೆಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಹೊರಗಿನ ಮನುಷ್ಯರ ಮುಂದೆ ಅದು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ಶಾಲೆಯ ಮುಖ್ಯಸ್ಥೆ ಹೆಡ್ಬಾಯಿಯವರು ಕೆಟ್ಟವರಲ್ಲ. ನನಗೆ ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು: "ಒಂದು ವರ್ಗಕ್ಕೆ ಐವತ್ತು ಮಕ್ಕಳು. ದೀಪಾವಳಿ ರಜೆ ಮುಗಿಯುವವರೆಗೆ ನೋಡೋಣ. ಆಮೇಲೂ ಹೀಗೇ ಇದ್ದರೆ ಒಂದು ವರ್ಷ ಮನೆಯಲ್ಲಿ ಇಟ್ಟುಕೊಳ್ಳಿ. ಸ್ವಲ್ಪ ದೊಡ್ಡವಳಾದ ಮೇಲೆ ಕಳಿಸಿ."

ಅತ್ತೆಗೆ ಇದು ಸರಿಯೆನಿಸಿತು. "ಇರಲಿ ಬಿಡು. ಒಂದು ವರ್ಷ ನನ್ನ ಕಡೆ ಕುಂಡ್ರಲಿ. ರೊಟ್ಟಿ ಬಡಿಯೂದು ಕಲೀತಾಳ."

ನಾನು ಮೂರನೇ ಇಯತ್ತೆಯಲ್ಲಿದ್ದಾಗ, ನಮ್ಮವ್ವನ ಬಾಣಂತನಕ್ಕೆಂದು ನನ್ನನ್ನೂ ಒಂದು ವರ್ಷ ಶಾಲೆ ಬಿಡಿಸಿದ್ದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಮೇಲಿನ ಖೋಲಿಯ ರಾಜೀವಿಗೆ ಎಲ್ಲ ಹೇಳಿದೆ. ಅವರು ಉಡುಪಿ ಕಡೆಯವರು. ಅವಳ ಗಂಡ ಮಹಾಲಿಂಗ ನಮ್ಮ ಪೇಠೆಯ ತಿರುವಿನಲ್ಲಿ ಹೊಸ ಹೋಟೆಲು ತೆರೆದು ಎರಡು ತಿಂಗಳಾಗಿತ್ತು.

"ಅಷ್ಟಕ್ಕೆ ಚಿಂತೆ ಎಂತಕ್ಕೆ ಅಕ್ಕಾ?" ಎಂದಳು ರಾಜೀವಿ. "ಹೋಟೆಲಿನಲ್ಲಿ ಬಾಯಿ ತೆರೆಯದಿದ್ದರೆ ನೀರು ಸಹ ಸಿಗುವುದಿಲ್ಲ. ಕರ್ಕೊಂಡು ಬನ್ನಿ ಮಾರಾಯ್ರೆ. ದೋಸೆಯ ವಾಸನೆಗೆ ಕಲ್ಲು ಸಹ ಮಾತಾಡ್ತದೆ."

"ಹೆಣ್ಣಮಕ್ಕಳು ಹೋಟೇಲಿಗೆ ಹೋಗೂದಂದ್ರ..."

"ಹೆಂಗಸರಿಗೆ ಬೇರೆ ಕೋಣೆ ಇದೆ, ಪರದೆ ಇದೆ. ನಿಮ್ಮ ಅತ್ತೆ ಅಲ್ಲಿ ಬಂದು ಹಣಕುವುದಿಲ್ಲ."

ಶನಿವಾರ ಮಧ್ಯಾಹ್ನ ತರಕಾರಿ ತರುವ ನೆಪದಿಂದ ಹೊರಟೆವು. ಹುಟ್ಟಿದಾಗಿನಿಂದ ನಾನೂ ಹೋಟೆಲಿನ ಮೆಟ್ಟಿಲು ತುಳಿದವಳಲ್ಲ. ಹಸಿರು ಪರದೆಯ ಹಿಂದೆ, ಕಲ್ಲುಹಾಸಿನ ಮೇಜಿನ ಮುಂದೆ ಕಳ್ಳರಂತೆ ಸೆರಗು ಮುಂದಕ್ಕೆ ಎಳೆದುಕೊಂಡು ಕುಳಿತೆ. ಗಂಗೂಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬಡಿಸುವ ಕಾಂತಪ್ಪನಿಗೆ ರಾಜೀವಿ ಮೊದಲೇ ಹೇಳಿಟ್ಟಿದ್ದಳು: ಮಗು ತಾನೇ ಮರಾಠಿಯಲ್ಲಿ ಕೇಳುವವರೆಗೆ ಏನೂ ಕೊಡಬೇಡ. ಅವನು ಬಂದು ನಿಂತು, ಇಡ್ಲಿ, ವಡೆ, ದೋಸೆ, ಉಪ್ಪಿಟ್ಟು, ಶಿರಾ ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೈ ಕಟ್ಟಿಕೊಂಡು ಕಾದ.

ಗಂಗೂ ಅವನನ್ನೇ ನೋಡಿದಳು. ಅವನು ಮತ್ತೊಮ್ಮೆ ಹೇಳಿದ. ಅವಳು ಪಕ್ಕದ ಹಲಗೆ ಗೋಡೆಯ ಸಂದಿನಿಂದ ಕಾಣುತ್ತಿದ್ದ ಯಾರದೋ ದೋಸೆಯ ಕಡೆ ಬೆರಳು ತೋರಿಸಿದಳು. ಅವನು ತಲೆ ಅಲ್ಲಾಡಿಸಿದ. ಅವಳು ಬೆರಳು ಮಡಿಸಿ ತೊಡೆಯ ಮೇಲಿಟ್ಟು, ಒಂದು ಸಲ ಉಗುಳು ನುಂಗಿದಳು.

"ಅಕ್ಕಾ, ನನ್ನಿಂದ ಆಗುವುದಿಲ್ಲ," ಎಂದ ಕಾಂತಪ್ಪ. "ಊರಲ್ಲಿ ನನಗೂ ಇಷ್ಟೇ ದೊಡ್ಡ ಮಗಳಿದ್ದಾಳೆ." ದೋಸೆ ತಂದ. ಕೇಳದೆಯೇ ಶಿರಾ ತಂದ. ನನಗೂ ಒಂದು ದೋಸೆ ತಂದ. ಇಬ್ಬರೂ ತಿಂದೆವು. ಹೋದ ಕೆಲಸ ಆಗಲಿಲ್ಲ, ಆದರೆ ಅಷ್ಟು ಗರಿಗರಿಯಾದದ್ದನ್ನು ಬೇರೆಯವರು ಮಾಡಿ ನನ್ನ ಮುಂದೆ ತಂದಿಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು. ಸುಳ್ಳು ಏಕೆ ಹೇಳಲಿ, ನನಗೆ ಹಿತವಾಯಿತು.

ಇನ್ನೂ ಎರಡು ಶನಿವಾರ ಅಲ್ಲಿಗೇ ಹೋದೆವು. ಕಾಂತಪ್ಪ ಪ್ರತಿ ಸಲವೂ ಗಟ್ಟಿ ಮನಸ್ಸು ಮಾಡಿ ಬರುತ್ತಿದ್ದ, ಪ್ರತಿ ಸಲವೂ ಸೋಲುತ್ತಿದ್ದ. ಪರಿಚಯದ ಜಾಗ ಆದ್ದರಿಂದ ಹೀಗೆ ಎಂದುಕೊಂಡು, ಭಾಜಿ ಮಂಡಿಯ ಹಿಂದೆ ಹೊಸದಾಗಿ ಸಾಬೂದಾಣಿ ಖಿಚಡಿ ಮಾರುತ್ತಿದ್ದ ಗೌರಾಬಾಯಿಯ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮನ್ನು ಯಾರೂ ಅರಿಯರು. ಗೌರಾಬಾಯಿ ಎರಡು ಸಲ ಏನು ಬೇಕೆಂದು ಕೇಳಿ, ಮೂರನೆಯ ಸಲ ನನ್ನತ್ತ ತಿರುಗಿ, "ಅಯ್ಯೋ ಪಾಪ, ಮೂಕಿಯೇನು?" ಎಂದು ಎಲೆಯಲ್ಲಿ ಇನ್ನೊಂದು ಹಿಡಿ ಖಿಚಡಿ ಹಾಕಿದಳು.

ಗಂಗೂ ಎಲೆಯನ್ನು ದೂರ ಸರಿಸಿ ಎದ್ದು ಹೊರಗೆ ಹೋದಳು. ಹಿಂದೆಯೇ ಓಡಿದೆ. ಟಾಂಗಾಗಳ ನಡುವೆ ಅವಳ ಕೈ ಹಿಡಿದುಕೊಂಡಾಗ, "ನಾ ಮೂಕಿ ಅಲ್ಲವ್ವಾ," ಎಂದಳು.

"ನನಗ ಗೊತ್ತದ ಮಗಳ."

"ಅಕಿಗೆ ನೀ ಯಾಕ ಹೇಳಲಿಲ್ಲ?"

ನನಗೂ ಅಷ್ಟು ಮರಾಠಿ ಥಟ್ಟನೆ ಬಾಯಿಗೆ ಬರುವುದಿಲ್ಲ. ಅಲ್ಲದೆ, ಅವಳು ಸಿಟ್ಟಿಗಾದರೂ ತಾನೇ ಹೇಳಿಯಾಳೆಂದು ನಾನು ಕಾಯುತ್ತ ನಿಂತದ್ದು ನಿಜ. ಮಗುವನ್ನು ಹಸಿವಿನಿಂದ, ಸಿಟ್ಟಿನಿಂದ ಮಾತಾಡಿಸಲು ಹೊರಟ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಇನ್ನು ಸಾಕು ಎಂದುಕೊಂಡೆ. ಆ ಮೇಲೆ ಅಂಗಡಿಗಳಿಗೆ ಅವಳನ್ನು ಅದಕ್ಕೆಂದು ಕರೆದೊಯ್ಯಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಇತ್ತು. ವಾಡೆಯ ಹೆಂಗಸರೆಲ್ಲ ಹಿಟ್ಟು, ತುಪ್ಪ, ಸಕ್ಕರೆ ಡಬ್ಬಿಯಲ್ಲಿ ತುಂಬಿಕೊಂಡು ಹಿಂದಿನ ಓಣಿಗೆ ಹೊರಟಿದ್ದರು. ಅಲ್ಲಿ ಏಕನಾಥ ಎಂಬವನು ಗಣಪತಿ ಹಬ್ಬದ ಹೊತ್ತಿಗೆ ಹೊಸ ಬೇಕರಿ ಹಾಕಿದ್ದ. ನಮ್ಮ ನಮ್ಮ ಸಾಮಾನು ನಾವೇ ಒಯ್ದು, ಅಲ್ಲಿಯ ಮೇಜಿನ ಮೇಲೆ ನಾವೇ ನಾದಿ, ಉಂಡೆ ಮಾಡಿ ತಗಡಿನ ಮೇಲೆ ಜೋಡಿಸಿಕೊಟ್ಟರೆ ಅವನು ಭಟ್ಟಿಯಲ್ಲಿಟ್ಟು ನಾನಕಟಾಯಿ ಎಂಬ ತುಪ್ಪದ ಬಿಸ್ಕತ್ತು ಬೇಯಿಸಿಕೊಡುತ್ತಾನಂತೆ. ಊರಲ್ಲಿ ಇಂಥದ್ದನ್ನು ನಾನು ನೋಡಿರಲಿಲ್ಲ. ಆಸೆಯಾಯಿತು.

"ಬೇಕರಿ?" ಎಂದರು ಅತ್ತೆ. "ಪಾವು ಮಾಡವರು ಹಿಟ್ಟು ಕಾಲಿಲೆ ತುಳೀತಾರ. ಸೇಂದಿ ಹಾಕತಾರ. ತತ್ತಿ ಹಾಕತಾರ."

"ಹಿಟ್ಟು ನಮ್ಮದು, ತುಪ್ಪಾ ನಮ್ಮದು, ನಾದೂದೂ ನಾವ. ಅವನದು ಬರೀ ಬೆಂಕಿ ಅತ್ತಿ. ಬೆಂಕಿಗೆ ಮೈಲಿಗಿ ಇಲ್ಲಂತ ನೀವ ಅಂದಿದ್ರಿ."

"ನಾ ಯಾವಾಗ ಅಂದೆ?"

"ಹ್ವಾದ ವರ್ಷ. ಜಾತ್ರಿಯೊಳಗ ಮಿರ್ಚಿ ಭಜಿ ತಿನ್ನುವಾಗ."

ಅತ್ತೆ ಜರಡಿ ತೆಗೆದುಕೊಂಡು ತಾವೇ ಹಿಟ್ಟು ಸೋಸಲು ಕುಳಿತರು. ನಾನು ಅಳೆದಿಟ್ಟ ತುಪ್ಪಕ್ಕೆ ಇನ್ನೂ ಒಂದು ಸೌಟು ಸೇರಿಸಿದರು. "ಕೊಟ್ಟು ಬರಬ್ಯಾಡ ಮತ್ತ. ಅಲ್ಲೇ ಕುಂತು, ಕಣ್ಣ ಮುಂದ ಬೇಯಿಸಿಕೊಂಡು ಬಾ. ಗಂಗೂನ್ನ ಕರಕೊಂಡು ಹೋಗು. ಸಣ್ಣವರ ಕಣ್ಣು ಚುರುಕಿರತಾವು." ಅವರು ಇಷ್ಟು ಸುಲಭವಾಗಿ ಒಪ್ಪಿದ್ದೇ ಆ ಹಬ್ಬದ ಮೊದಲ ಸಿಹಿ ಎನಿಸಿತು.

ಬೇಕರಿಯಲ್ಲಿ ನಮ್ಮ ಮುಂದೆ ಹತ್ತು ಹನ್ನೆರಡು ಜನ ಇದ್ದರು. ಏಕನಾಥ ಎತ್ತರದ ಆಳು. ಬನಿಯನ್ನಿನಿಂದ ಹುಬ್ಬಿನವರೆಗೆ ಹಿಟ್ಟಿನ ಧೂಳು. ಸಾಲಿನಲ್ಲಿದ್ದ ದಪ್ಪ ಹೆಂಗಸೊಬ್ಬಳು ಅವನನ್ನು ಮರಾಠಿಯಲ್ಲಿ ಕೆಣಕುತ್ತಿದ್ದಳು:

"ನಿನ್ನೆ ನಮ್ಮ ನಾದಿನಿಯ ನಾನಕಟಾಯಿ ಕರಿ ಮಾಡಿಕೊಟ್ಟೆಯಂತೆ?"

"ಆಕೆ ತುಪ್ಪ ಕಡಿಮೆ ಹಾಕಿ ನನ್ನ ಭಟ್ಟಿಯನ್ನು ಬೈದರೆ ನಾನೇನು ಮಾಡಲಿ ತಾಯಿ?"

"ಅವಳ ಮುಂದೆ ಹೇಳು ಈ ಮಾತು!"

"ನಾನೂ ದೀಪಾವಳಿ ಮಾಡಬೇಕು, ಜೀವದ ಆಸೆ ಇದೆ."

ಎಲ್ಲರೂ ನಕ್ಕರು. ಗಂಗೂ ಕೂಡ ನಗುತ್ತಿದ್ದಳು, ಸದ್ದಿಲ್ಲದೆ. ನಾವು ನಾದಿ ಉಂಡೆ ಮಾಡಿದೆವು. ಪ್ರತಿ ಉಂಡೆಯ ನಡುವೆ ಅವಳು ಹೆಬ್ಬೆರಳು ಒತ್ತಿ ಒಂದೊಂದು ಏಲಕ್ಕಿ ಕಾಳು ಇಟ್ಟಳು. ತಗಡನ್ನು ಸಾಲಿಗಿಟ್ಟು ಕುಳಿತೆವು.

ಒಂದು ಗಂಟೆಯಾದರೂ ಕಾದಿರಬೇಕು. ಗಂಗೂ ಕೂತಲ್ಲಿಂದ ಎದ್ದು, ಮೆಲ್ಲಗೆ ಭಟ್ಟಿಯ ಕಡೆ ಸರಿದಳು. ಏಕನಾಥ ಉದ್ದ ಹಿಡಿಕೆಯ ಹಲಗೆಯನ್ನು ಒಳಗೆ ತೂರಿ ತಗಡು ಎಳೆಯುತ್ತಿದ್ದ. ತಗಡು ಭಟ್ಟಿಯ ಬಾಯಿಗೆ ಬಂದೊಡನೆ ಬರಿಗೈಯಿಂದ ಒಂದು ನಾನಕಟಾಯಿ ಎತ್ತಿ, ಮುರಿದು ನೋಡಿ, ಬೆಂದಿದ್ದರೆ ತಗಡಿನ ಅಂಚನ್ನೇ ಬೆರಳಿನಿಂದ ಹಿಡಿದು ಮೇಜಿಗೆ ಜಾರಿಸುತ್ತಿದ್ದ. ಬಟ್ಟೆಯಿಲ್ಲ, ಏನಿಲ್ಲ.

ಅವಳು ಓಡಿ ಬಂದು ನನ್ನ ಕಿವಿಯಲ್ಲಿ, "ಅವ್ವಾ, ಅವರಿಗೆ ಕೈ ಸುಡೂದಿಲ್ಲೇನು?" ಎಂದಳು.

"ನನಗೇನ ಗೊತ್ತವಾ. ಅವರ ಕೈ. ಅವರನ್ನ ಕೇಳು."

ಯಾವ ಉಪಾಯದಿಂದಲೂ ಹೇಳಿದ್ದಲ್ಲ. ನನಗೆ ನಿಜವಾಗಿ ಗೊತ್ತಿರಲಿಲ್ಲ. ಹದಿನೈದು ವರ್ಷ ರೊಟ್ಟಿ ಮಾಡಿ ಗಟ್ಟಿಯಾದ ನನ್ನ ಬೆರಳಿಗೂ ಆ ತಗಡು ಮುಟ್ಟುವುದು ಆಗದು.

ಅವಳು ಮತ್ತೆ ಹೋಗಿ ನಿಂತಳು. ಇನ್ನೊಂದು ತಗಡು ಬಂತು. ಅವಳ ತುಟಿ ಅಲ್ಲಾಡಿತು, ನಿಂತಿತು. ಮತ್ತೊಂದು ಬಂತು. ಅವಳು ಗಾಳಿ ಎಳೆದುಕೊಂಡದ್ದು ನನಗೆ ಬೆನ್ನಿನಿಂದಲೇ ಕಂಡಿತು. ಅಷ್ಟರಲ್ಲಿ ಅವನು ಕಟ್ಟಿಗೆ ತರಲು ಆಚೆ ಹೋದ. ಬಂದ ಮೇಲೆ ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ನನ್ನ ನಾಲಗೆ ತುರಿಸುತ್ತಿತ್ತು. ನಾನೇ ಕೇಳಿಬಿಟ್ಟರೆ ಒಂದು ಕ್ಷಣದ ಕೆಲಸ. ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ದಪ್ಪ ಹೆಂಗಸು, "ಪೋರಿಗೆ ಏನು ಬೇಕಂತೆ?" ಎಂದು ನನ್ನನ್ನು ಕೇಳಿದಳು. "ಅದು ಅವಳಿಗೇ ಗೊತ್ತು," ಎಂದೆ, ನನ್ನ ಹರಕು ಮರಾಠಿಯಲ್ಲಿ.

ನಮ್ಮ ತಗಡು ಹೊರಗೆ ಬಂತು. ತುಪ್ಪದ ಘಮ ಓಣಿಯವರೆಗೆ ಹರಡಿತು. ಏಕನಾಥ ಒಂದನ್ನು ಎತ್ತಿ, ಊದಿ, ಅಂಗೈಯ ಮೇಲಿಟ್ಟು ಗಂಗೂಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಆ ಅಂಗೈಯನ್ನೇ ನೋಡಿದಳು. ಆಮೇಲೆ ತಲೆಯೆತ್ತಿ ಅವನ ಮುಖ ನೋಡಿದಳು.

ಅವಳ ಮಾತಿಗೆ ಯಾರೂ ನಗಲಿಲ್ಲ. ಏಕನಾಥ ಏನೋ ಉತ್ತರ ಹೇಳಿದ, ಅವಳು ಏನೋ ತಿರುಗಿ ಕೇಳಿದಳು, ನನಗೆ ಅದರಲ್ಲಿ ಅರ್ಧವೂ ಕೇಳಿಸಲಿಲ್ಲ. ಜೂನಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟು, ಹಿಟ್ಟು ಚೆಲ್ಲಿದ ನೆಲದ ಮೇಲೆ ಹಾಗೇ ಕುಳಿತುಬಿಟ್ಟಿದ್ದೆ. ನಾನು ಸರಿಯಾಗಿ ಕೇಳಿಸಿಕೊಂಡದ್ದು ಅವಳ ಮೊದಲ ಮಾತು ಒಂದನ್ನೇ. ಮನೆಯಲ್ಲಿ ನನ್ನನ್ನು ಕೇಳುವಷ್ಟೇ ಗಟ್ಟಿಯಾಗಿ, ಸ್ವಚ್ಛ ಮರಾಠಿಯಲ್ಲಿ, ನನ್ನ ಕಿವಿಯಲ್ಲಿ ಕೇಳಿದ್ದ ಅದೇ ಪ್ರಶ್ನೆಯನ್ನು ಬೀದಿಗೂ ಕೇಳುವ ಹಾಗೆ ಅವಳು ಕೇಳಿದ್ದಳು:

"ಕಾಕಾ, ತುಮಚಾ ಹಾತ ಭಾಜತ ನಾಹೀ ಕಾ?"