ಯಾವ ಬಿಳಲಿನ ಹಿಂದೆ?

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮರದಿಂದಲೇ? ಜವಳಗಿರಿ ಕಡೆಯ ಈ ಹಳೇ ಆಲದ ಮರ ಎಷ್ಟು ದೊಡ್ಡದೆಂದರೆ, ಬುಡ ಯಾವುದು ಬಿಳಲು ಯಾವುದು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಹೊಸೂರಿನಿಂದ ಜನ ಕಾರು ಮಾಡಿಕೊಂಡು ಬಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. (ಟೂರಿಸಂ ಬ್ರೋಷರ್ ಆಯಿತು. ಹೊಡೆದುಹಾಕಿದೆ.)

೨
ಹಾಗಾದರೆ ವರಲಕ್ಷ್ಮಮ್ಮನಿಂದ. ತಮ್ಮ ಹೊಲದ ಒಂದು ಹಿಡಿ ಮಣ್ಣನ್ನು ಸೆರಗಿಗೆ ಗಂಟು ಹಾಕಿಕೊಂಡು, ಗಂಡ ಶ್ಯಾಮಣ್ಣನ ಜತೆ ಆಕೆ ಮರದಡಿಗೆ ಬಂದಳು. ಹೋದ ತಿಂಗಳು ಒಂದು ಬೆಳಗ್ಗೆ ಆತ ಡೈರಿಗೆ ಹಾಲು ಹಾಕಲು ಹೊರಟಾಗ ಒಂಟಿ ಸಲಗ ಅಟ್ಟಿಸಿಕೊಂಡು ಬಂದಿತ್ತು. ಕ್ಯಾನು ಬಿಸಾಕಿ ಓಡಿದವನು ಇಲ್ಲಿಯ ಬಿಳಲಿನ ಹಿಂದೆ ಅವಿತು ಬದುಕಿದ. ಜೀವ ಕಾಯ್ದದ್ದರ ಬುಡಕ್ಕೆ ಸ್ವಂತ ಹೊಲದ ಮಣ್ಣು ಹಾಕಿ ಕೈಮುಗಿಯುವುದು ಆಕೆಯ ತವರಿನ ಪದ್ಧತಿ. ಬುಡ ತಪ್ಪಿದರೆ ಮಣ್ಣು ಸಲ್ಲುವುದಿಲ್ಲ.

"ಯಾವ್ದು ಅಂತ ತೋರ್ಸು," ಎಂದಳು.

ಸುತ್ತ ನೂರಾರು ಬಿಳಲು, ಕಂಬದ ಹಾಗೆ ನೆಲ ಕಚ್ಚಿ ನಿಂತಿವೆ. ಶ್ಯಾಮಣ್ಣ ತಲೆ ಕೆರೆದುಕೊಂಡು ಹತ್ತಿರದ್ದನ್ನೇ ತೋರಿಸಿಬಿಟ್ಟ.

"ಇದಾ? ಇದ್ರ ಹಿಂದ್ಗಡೆ ನಿನ್ ಹೊಟ್ಟೆನೂ ಮರೆಯಾಗಲ್ಲ. ಆನೆಗೇನು ಕಣ್ಣು ಕಾಣಲ್ವಾ?"

೩
ಇಲ್ಲಿ ನನಗೊಂದು ಆಸೆ ಹುಟ್ಟಿತು. ಆನೆಯನ್ನು ಇನ್ನೊಂದು ಸಲ ಕರೆತಂದರೆ? ಸಸ್ಪೆನ್ಸಿಗೆ ಸಸ್ಪೆನ್ಸೂ ಆಯಿತು. ಶ್ಯಾಮಣ್ಣ ಓಡಿ ಅದೇ ಬಿಳಲಿನ ಹಿಂದೆ ನಿಲ್ಲುತ್ತಾನೆ, ಪ್ರಾಬ್ಲಮ್ ಸಾಲ್ವ್. ಬರೆಯತೊಡಗಿದೆ.

ವರಲಕ್ಷ್ಮಮ್ಮ ತಿರುಗಿ ನನ್ನನ್ನೇ ದುರುಗುಟ್ಟಿ ನೋಡಿದಳು. "ಏನಪ್ಪಾ ಕಥೆ ಬರೆಯೋನೇ, ನಿಂಗೇನು ಬುದ್ಧಿಗಿದ್ಧಿ ಐತಾ? ಒಂದ್ಸಲ ಉಳಿದಿದ್ದೇ ನನ್ ಪುಣ್ಯ. ಆನೆಗೀನೆ ತಂದ್ಯೋ, ನಿನ್ ಕಥೇಲಿ ನಾನಿರಲ್ಲ!"

(ಆನೆಯನ್ನು ವಾಪಸ್ ಕಳಿಸಿದೆ. ಪಾತ್ರಗಳ ಕೈಲಿ ಬೈಸಿಕೊಳ್ಳುವುದು ನನಗೇನೂ ಹೊಸದಲ್ಲ.)

೪
ಮುಕ್ತಾಯ ಒಂದು: ಶ್ಯಾಮಣ್ಣನಿಗೆ ಥಟ್ಟನೆ ನೆನಪಾಗುತ್ತದೆ. (ಸುಳ್ಳು.)

ಮುಕ್ತಾಯ ಎರಡು: ಗಾಳಿಯೇ ಇಲ್ಲದೆ ಒಂದು ಬಿಳಲು ಅಲ್ಲಾಡುತ್ತದೆ. (ಥೂ, ಸೀರಿಯಲ್ಲು!)

ನಡೆದದ್ದು ಇಷ್ಟು. ಶ್ಯಾಮಣ್ಣ ಅಲ್ಲೇ ಕುಕ್ಕರಿಸಿದ. "ಒಂದೇ ಅಲ್ಲ ಕಣೆ. ಆನೆ ಈ ಕಡೆ ಬಂದ್ರೆ ನಾನು ಆ ಕಡೆ. ಒಂದ್ರಿಂದ ಇನ್ನೊಂದಕ್ಕೆ ಸರೀತಾನೇ ಇದ್ದೆ. ಯಾವ್ದನ್ನ ತಬ್ಕಂಡ್ರೂ ನಿನ್ ಹೆಸ್ರೇ ಬಾಯಿಗೆ ಬತ್ತಿತ್ತು."

ವರಲಕ್ಷ್ಮಮ್ಮನ ಕಣ್ಣು ತುಂಬಿ ಬಂತು. "ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ? ಮಂಕರಿ ತುಂಬ ಮಣ್ಣು ತರ್ತಿದ್ದೆ," ಎಂದು ಗದರಿಕೊಳ್ಳುತ್ತಲೇ ಗಂಟು ಬಿಚ್ಚಿದಳು. ಒಂದೊಂದು ಬಿಳಲಿನ ಬುಡಕ್ಕೂ ಚಿಟಿಕೆ ಮಣ್ಣು ಹಾಕಿದಳು, ಕೈಮುಗಿದಳು. ನನ್ನ ಮನೆಯೋನ್ನ ನನಗೆ ಉಳಿಸಿಕೊಟ್ಟೆಯಲ್ಲಾ ತಾಯಿ ಎಂದು ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಹೇಳಿದಳು.

೫
ಸದ್ಯ, ಎಲ್ಲ ಸುಖವಾಗಿ ಮುಗಿಯಿತೆಂದು ನಾನು ಪೆನ್ನಿಗೆ ಕ್ಯಾಪ್ ಹಾಕಿದೆ. ಅಷ್ಟರಲ್ಲಿ ಮಣ್ಣೂ ಮುಗಿದಿತ್ತು. ಆಕೆ ಮಾತ್ರ ಬರಿಗೈಯಲ್ಲೇ ಬಿಳಲುಗಳನ್ನು ಸವರುತ್ತಾ ಮುಂದೆ ಹೋಗುತ್ತಿದ್ದಳು. ಶ್ಯಾಮಣ್ಣ ಹಿಂದೆಹಿಂದೆ.

"ಅಮ್ಮಾ, ಕಥೆ ಮುಗೀತು," ಎಂದೆ.

"ನಿಂದು ಮುಗಿದ್ರೆ ನೀನು ಹೋಗಪ್ಪ," ಎಂದಳು, ತಿರುಗಿಯೂ ನೋಡದೆ. "ನಂದು ಇನ್ನೂ ಆ ಕಡೆ ಪೂರಾ ಐತೆ."