ತಬುವಾಕನ ಗುಂಡಿಯಲ್ಲಿ ಏನಿತ್ತು

ಬಿಕೆರಾವ ತಿಟ್ಟಿನ ಯುದ್ಧ ಬೆಳಗ್ಗೆ ಒಂಬತ್ತಕ್ಕೆ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಶತ್ರುಗಳ ಪೈಕಿ ಯಾರೂ ಬಂದಿರಲಿಲ್ಲ. ಆದರೂ ನಮ್ಮವರು ಕಷ್ಟಪಟ್ಟು ಗೆದ್ದರು.

ನಮ್ಮವರು ಅಂದರೆ ಅಮೆರಿಕದವರು. ಅದಕ್ಕೂ ಮೊದಲು ಜಪಾನಿನವರು ನಮ್ಮವರಾಗಿದ್ದರು, ಅವರಿಗೂ ಮೊದಲು ಇಂಗ್ಲಿಷರು. ಗಿಲ್ಬರ್ಟ್ ದ್ವೀಪಗಳಿಗೆ ಯಾರೇ ಬರಲಿ, ನಮ್ಮವರಾಗಿಯೇ ಬರುತ್ತಾರೆ. ನಮ್ಮ ಹೆಸರು ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ನನ್ನ ಹೆಸರು ಬೈತೆಕೆ. ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತ ತಪ್ಪಿಗೆ ದುಭಾಷಿಯಾದವನು. ಕ್ಯಾಪ್ಟನ್ ಹಾಲೋರನ್ ನನ್ನನ್ನು ಬಾಬ್ ಎನ್ನುತ್ತಿದ್ದ.

ಅವನದು ಮೂಗಿನೊಳಗೆ ಹುಟ್ಟಿ ಮೂಗಿನಲ್ಲೇ ಸಾಯುವ ಮಾತು. ಪ್ರತಿ ವಾಕ್ಯಕ್ಕೆ ಮೊದಲು 'ಹ್ಞಂ' ಎಂದು ಗಂಟಲಿಗೆ ಬೀಗ ತೆಗೆಯುತ್ತಿದ್ದ. ನಾನು ಅವನ ನಡಿಗೆ, ಹ್ಞಂಕಾರ ಎರಡನ್ನೂ ಮಾಡಿ ತೋರಿಸಿದರೆ ಕಬೂತಿ ಚಾಪೆ ಹೆಣೆಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಕಬೂತಿಯನ್ನು ನಾನು ಮದುವೆಯಾಗಬೇಕಿತ್ತು. ಎರಡು ವರ್ಷದಿಂದ ಆಗಬೇಕಿತ್ತು. ಅವಳ ಅಪ್ಪ ತಬುವಾಕ ಬಿಡುತ್ತಿರಲಿಲ್ಲ.

"ನನ್ನ ಗುಂಡಿಯ ಬಬೈ ಮೇಲೆ ಬರದೆ ನನ್ನ ಮಗಳ ಮದುವೆ ಊಟ ಹೆಂಗೆ ನಡೀತದೆ? ಅದು ಇನ್ನೂ ಬೆಳೀಲಿ," ಎನ್ನುತ್ತಿದ್ದ.

ಬಬೈ ಅಂದರೆ ಆಳೆತ್ತರ ಎಲೆ ಬಿಡುವ ಕೆಸು. ನಮ್ಮದು ಬರೀ ಮರಳು; ಸಿಹಿನೀರು ಸಿಗುವ ತನಕ ಗುಂಡಿ ತೋಡಿ, ತಳದ ಕೆಸರಿನಲ್ಲಿ ನೆಟ್ಟು, ಎಲೆಗೊಬ್ಬರ ತಿನ್ನಿಸಿ ವರ್ಷಗಟ್ಟಲೆ ಸಾಕಬೇಕು. ದೊಡ್ಡ ದ್ವೀಪದ ಎದುರಿನ ಪುಟ್ಟ ತಿಟ್ಟು ಬಿಕೆರಾವದಲ್ಲಿ ಅಂಥ ಗುಂಡಿ ಹನ್ನೊಂದಿದ್ದವು, ಎಲ್ಲವೂ ಮುತ್ತಾತಂದಿರ ಮುತ್ತಾತಂದಿರು ತೋಡಿದ್ದು. ಮೂರನೆಯದು ನನ್ನ ಅಮ್ಮನದು. ಹನ್ನೊಂದನೆಯದು, ಎಲ್ಲಕ್ಕಿಂತ ದೊಡ್ಡದು, ತಬುವಾಕನದು. ಜಪಾನಿನವರು ಬಂದಾಗ ತಿಟ್ಟಿನವರನ್ನೆಲ್ಲ ದೊಡ್ಡ ದ್ವೀಪಕ್ಕೆ ಅಟ್ಟಿ, ತಿಟ್ಟಿನಲ್ಲಿ ರೇಡಿಯೋ ಇಟ್ಟುಕೊಂಡು ಐದು ಜನ ಕಾವಲು ಕೂತರು. ದೋಣಿಯಲ್ಲಿ ಅವರಿಗೆ ಎಳನೀರು ಒಯ್ಯುವ ಕೆಲಸ ತಬುವಾಕನಿಗೆ ಬಿತ್ತು. ಊರಿಗೆ ಊರೇ ಹೊಗೆಸೊಪ್ಪಿಲ್ಲದೆ ಒದ್ದಾಡುತ್ತಿದ್ದಾಗ ಅವನ ಪೈಪು ಮಾತ್ರ ಆರಲಿಲ್ಲ. ಕೇಳಿದರೆ, ಒಣಗಿದ ಕೇದಗೆ ಎಲೆ ಸೇದುತ್ತೇನೆ ಎನ್ನುತ್ತಿದ್ದ. ನಾವೂ ಒಣಗಿದ ಕೇದಗೆ ಎಲೆ ಸೇದಿ ಕೆಮ್ಮಿ ಸತ್ತೆವು.

ಆ ಬೆಳಗ್ಗೆ ಕ್ಯಾಪ್ಟನ್ ವಿಮಾನದಿಂದ ತೆಗೆದ ಚಿತ್ರವನ್ನು ಮೇಜಿನ ಮೇಲೆ ಹರಡಿದ. ಗುಂಡಿ ಕಂಡಲ್ಲೆಲ್ಲ ಗುಂಡು ಕಾಣುವ ಕಣ್ಣು ಅವನದು.

"ಹ್ಞಂ. ನೋಡು ಬಾಬ್. ಹನ್ನೊಂದು ಫಿರಂಗಿ ಗುಂಡಿ. ಚೌಕವಾಗಿ ತೋಡಿದಾರೆ, ಅಂಚಿಗೆ ಮಣ್ಣು ಏರಿಸಿದಾರೆ, ಕಾಣಬಾರದು ಅಂತ ಮೇಲೆ ಎಲೆ ಮುಚ್ಚಿದಾರೆ."

"ಮುಚ್ಚಿಲ್ಲ ಸಾರ್, ಬೆಳೆದಿದೆ. ಅದು ಕೆಸು. ಈ ಮೂರನೇದು ನಮ್ಮಮ್ಮಂದು."

"ಜಪಾನಿನವರು?"

"ಹೋಗಿ ವಾರ ಆಯ್ತು ಸಾರ್. ಐದೂ ಜನ ದೋಣಿ ಹತ್ತಿದ್ದನ್ನ ಊರೇ ನೋಡಿದೆ."

"ಹೋಗುವಾಗ ಫಿರಂಗಿ ತಗೊಂಡು ಹೋದ್ರಾ?"

"ಇಲ್ಲ ಸಾರ್."

"ಅಂದ್ರೆ ಅಲ್ಲೇ ಇದೆ," ಎಂದ ಕ್ಯಾಪ್ಟನ್.

ಇಂಥ ತರ್ಕಕ್ಕೆ ನಮ್ಮ ಮಿಷನ್ ಶಾಲೆಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಅಮ್ಮನ ಗುಂಡಿ ಉಳಿಯಬೇಕು, ತಬುವಾಕನ ಬಬೈ ಉಳಿಯಬೇಕು, ಅದು ಉಳಿದರೆ ತಾನೆ ನನ್ನ ಮದುವೆ. ಹಿರಿಯರೊಬ್ಬರನ್ನು ಕೇಳಿ ನೋಡಿ ಸಾರ್, ಎಂದು ಬೇಡಿಕೊಂಡೆ. ತಬುವಾಕನನ್ನು ಕರೆಸಿದರು. ಅವನು ಪೈಪು ಕಚ್ಚಿಕೊಂಡು ಬಂದು, ಕ್ಯಾಪ್ಟನ್ ಕುರ್ಚಿ ತೋರಿಸಿದರೂ ನೆಲದ ಮೇಲೆ ಕುಳಿತ.

"ಈ ಹನ್ನೊಂದನೇ ಗುಂಡೀಲಿ ಏನಿದೆ ಅಂತ ಕೇಳು," ಎಂದ ಕ್ಯಾಪ್ಟನ್.

ನಮ್ಮಲ್ಲಿ ಒಬ್ಬನ ಹೆಂಡತಿಯ ವಯಸ್ಸು ಕೇಳಬಹುದು, ಗುಂಡಿಯಲ್ಲಿ ಏನಿದೆ ಅಂತ ಕೇಳುವ ಹಾಗಿಲ್ಲ. ಎಷ್ಟಿದೆ, ಎಷ್ಟು ದಪ್ಪ, ಯಾವ ಎಲೆ ಹಾಕುತ್ತೀರಿ, ಎಲ್ಲವೂ ಮನೆತನದ ಗುಟ್ಟು. ಅಪ್ಪ ಸಾಯುವಾಗ ಮಗನ ಕಿವಿಯಲ್ಲಿ ಹೇಳಿ ಕಣ್ಣು ಮುಚ್ಚುತ್ತಾನೆ.

"ಹಿರೀಕರೇ, ಕೇಳಬಾರದ್ದು ಕೇಳ್ತಿದೀನಿ. ಕೇಳ್ತಿರೋದು ನಾನಲ್ಲ, ಈ ಮನುಷ್ಯ. ಬಬೈ ಅಂತ ಒಂದೇ ಒಂದು ಮಾತು ಹೇಳಿಬಿಡಿ. ಹೆಚ್ಚಿಗೆ ಏನೂ ಬೇಡ."

"ಹೇಳಲ್ಲ ಅನ್ನು."

"ಹೇಳದಿದ್ರೆ ಬಾಂಬು ಹಾಕ್ತಾರೆ."

"ಹಾಕ್ಲಿ. ಏಯ್ ಶಾಲೆಯವನೇ, ಇವತ್ತು ಬಬೈ ಅಂದ್ರೆ ನಾಳೆ ಎಷ್ಟು ಬಬೈ ಅಂತಾನೆ. ನನ್ನ ಗುಂಡೀಲಿ ಏನಿದೆ ಅಂತ ಮಿಷನ್‌ನವರ ದೇವರೇ ಇದುವರೆಗೂ ಕೇಳಿಲ್ಲ. ಇವನ್ಯಾರು?"

"ನಮ್ಮಮ್ಮನ ಗುಂಡೀನೂ ಅಲ್ಲೇ ಇದೆ."

ತಬುವಾಕ ಪೈಪಿನ ಬೂದಿ ಕೊಡವಿದ. ಕ್ಯಾಪ್ಟನ್ ನನ್ನ ಕಡೆ ತಿರುಗಿದ. "ಏನಂದ?"

"ಕೆಸು ಅಂದ್ರು ಸಾರ್."

"ಹ್ಞಂ. ಅದು ನಿನ್ನ ಮಾತು ಬಾಬ್, ಅವನದಲ್ಲ. ನಾನು ಮುಖ ನೋಡಿ ಮನಸ್ಸು ಹೇಳ್ತೀನಿ. ಮುದುಕ ಏನೋ ಮುಚ್ಚಿಡ್ತಿದಾನೆ."

ಇಡೀ ಯುದ್ಧದಲ್ಲಿ ಅವನು ಕಂಡುಕೊಂಡ ಸತ್ಯ ಅದೊಂದೇ. ಅದರಿಂದ ಏನು ಮಾಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ.

ಒಂಬತ್ತಕ್ಕೆ ವಿಮಾನಗಳು ಬಂದವು. ನಾವೆಲ್ಲ ಈ ದಡದಲ್ಲಿ ಕುಳಿತು ನೋಡಿದೆವು. ಎದುರಿನ ತಿಟ್ಟಿನಲ್ಲಿ ತೆಂಗಿನ ಮರಗಳು ಬುಡಸಮೇತ ಎದ್ದು ಬಿದ್ದವು. ಪ್ರತಿ ಸದ್ದಿಗೂ ಕ್ಯಾಪ್ಟನ್ ಗಡಿಯಾರ ನೋಡುತ್ತಿದ್ದ, ಬಾಂಬು ತಡವಾಗಿ ಬಂದ ರೈಲಿನ ಹಾಗೆ. ಒಂದು ಸಲ ಅಮ್ಮ, "ಅದು ನಮ್ಮದು," ಎಂದಳು.

ಹನ್ನೊಂದಕ್ಕೆ ಸೈನಿಕರು ಇಳಿದರು. ಇನ್ನೂರು ಜನ, ಸೊಂಟಮಟ್ಟದ ನೀರಿನಲ್ಲಿ ಬಂದೂಕು ಎತ್ತಿ ಹಿಡಿದು ನಡೆದರು. ಮೊದಲ ಗುಂಡೇಟಿಗೆ ಒಂದು ಎಳನೀರು ಬಲಿಯಾಯಿತು. ಅದು ಪ್ರತಿದಾಳಿ ಮಾಡಲಿಲ್ಲ. ಒಬ್ಬನಿಗೆ ಹವಳದ ಬಂಡೆ ತಾಗಿ ಹೆಬ್ಬೆರಳು ಸೀಳಿತು. ಅವನನ್ನು ನಾಲ್ಕು ಜನ ಹೊತ್ತು ದೋಣಿಗೆ ತಂದರು. ಶತ್ರುವಿನ ಕಡೆಯಿಂದ ಒಂದು ಸನ್ಯಾಸಿ ಏಡಿ ಚಿಪ್ಪು ಬಿಟ್ಟು ಓಡಿತು.

ದಾರಿ ತೋರಿಸಲು ನಾನು ಮತ್ತು ತಬುವಾಕ ಹಿಂದೆ ಹೋದೆವು. ಅಮ್ಮನ ಗುಂಡಿಯ ದಂಡೆ ಒಡೆದು ಸಮುದ್ರ ಒಳಗೆ ಬಂದಿತ್ತು. ಮುರಿದ ಗೆಡ್ಡೆಗಳು ಉಪ್ಪುನೀರಿನಲ್ಲಿ ಬಿಳಿಚಿಕೊಂಡು ತೇಲುತ್ತಿದ್ದವು. ಬೆರಳು ಅದ್ದಿ ನೆಕ್ಕಿ ನೋಡಿದೆ. ಉಪ್ಪು ತಿಂದ ಗುಂಡಿ ಮತ್ತೆ ಸಿಹಿಯಾಗಬೇಕಾದರೆ ಎಷ್ಟು ವರ್ಷದ ಮಳೆ ಬೇಕೋ. ಹತ್ತೂ ಗುಂಡಿಗಳ ಗತಿ ಅದೇ.

ಹನ್ನೊಂದನೆಯದರ ಹತ್ತಿರ ಒಂದು ಬಾಂಬೂ ಸುಳಿದಿರಲಿಲ್ಲ. ತಬುವಾಕ ಓಡಿ ಹೋಗಿ ಅಡ್ಡ ನಿಂತ. ಆದರೆ ಅವನು ಸಣಕಲು, ಗುಂಡಿ ಅಗಲ. ನಾನು ಇಣುಕಿದೆ.

ಒಂದು ಬಬೈ ಇರಲಿಲ್ಲ. ಕಾಡು ಬಳ್ಳಿ, ಕಳೆ. ಮೂಲೆಯಲ್ಲಿ, ಗೊಬ್ಬರ ಹಾಕಿದ ಹಾಗೆ ಒಟ್ಟಿದ್ದ ರಾಶಿ: ಜಪಾನಿನ ಸಿಗರೇಟಿನ ಖಾಲಿ ಪೊಟ್ಟಣಗಳು.

ಐದು ಜನ ಕಾವಲುಗಾರರು ಎರಡು ವರ್ಷ ಏನು ತಿಂದು ಬದುಕಿದರು ಅಂತ ಆಗ ಗೊತ್ತಾಯಿತು. ಕೇದಗೆ ಎಲೆಯ ಗುಟ್ಟೂ ಗೊತ್ತಾಯಿತು. ಮದುವೆಗೆಂದು ಬೆಳೆಯುತ್ತಿದ್ದ ಬಬೈ ಪೈಪಿನಲ್ಲಿ ಹೊಗೆಯಾಗಿತ್ತು. ಇದು ಊರಿಗೆ ತಿಳಿದರೆ ಹಿರಿಯರ ಸಾಲಿನಲ್ಲಿ ಅವನಿಗೆ ಕೂರಲು ಚಾಪೆ ಸಿಗುತ್ತಿರಲಿಲ್ಲ.

ತಬುವಾಕ ನನ್ನ ತೋಳು ಹಿಡಿದ. ಹುಟ್ಟಿದಾಗಿನಿಂದ ಕರೆಯದ ಹೆಸರು ಹಿಡಿದು ಕರೆದ.

"ಅಳಿಯಾ. ಇದನ್ನೂ ಒಡೀಲಿ ಅನ್ನು."

"ಯಾಕೆ ಅಂತ ಕೇಳ್ತಾನೆ. ಒಳಗೆ ಏನಿದೆ ಅಂತ ಹೇಳ್ಬೇಕಾಗ್ತದೆ."

"ಜಪಾನಿನವರ ಮದ್ದುಗುಂಡು ಇದೆ ಅನ್ನು."

"ಬೆಳಗ್ಗೆ ಬಬೈ ಅನ್ನೋಕೆ ಬಾಯಿ ಬರಲಿಲ್ಲ ನಿಮಗೆ."

"ಇಲ್ಲದ್ದನ್ನ ಇದೆ ಅಂತ ಹೆಂಗಯ್ಯ ಹೇಳ್ಲಿ? ಸುಳ್ಳಾಗ್ತಿತ್ತು."

ಆ ಮುಖಕ್ಕೆ ಬೈಯಲು ಬಾಯಿ ತೆರೆದೆ. ಅಮ್ಮನ ಗುಂಡಿ ಹಿಂದೆಯೇ ಇತ್ತು. ಬೈಯುವ ಬದಲು, "ಮದುವೆ ಯಾವಾಗ?" ಎಂದೆ.

"ಈ ಹುಣ್ಣಿಮೆಗೆ," ಎಂದ ತಬುವಾಕ.

ಕ್ಯಾಪ್ಟನ್ ಬಂದ. ನಾನು ತರ್ಜುಮೆ ಮಾಡಿದೆ, ಒಂದು ಅಕ್ಷರ ಬಿಡದೆ. ಅವನ ಮುಖ ಹುಣ್ಣಿಮೆಗೆ ಮೊದಲೇ ಬೆಳಗಿತು.

"ಹ್ಞಂ. ಬೆಳಗ್ಗೇನೇ ಹೇಳಲಿಲ್ವಾ ಬಾಬ್? ಮುಖ ನೋಡಿದ್ರೆ ಸಾಕು ನನಗೆ."

ಎರಡು ಕೈಬಾಂಬು ಸಾಕಾಯಿತು. ಸಂಜೆಯ ವರದಿಯನ್ನು ನಾನೇ ಬೆರಳಚ್ಚು ಮಾಡಿದೆ: ಹನ್ನೊಂದು ಫಿರಂಗಿ ನೆಲೆಗಳು ಧ್ವಂಸ, ಒಂದು ಮದ್ದಿನ ಉಗ್ರಾಣ ವಶ, ನಮ್ಮ ಕಡೆ ಒಬ್ಬರಿಗೆ ಗಾಯ, ಊರ ಹಿರಿಯನ ಧೈರ್ಯದ ಸಹಕಾರ. ಅದೇ ಹೊತ್ತಿಗೆ ಮನೆಯಬಾದಲ್ಲಿ, ನಮ್ಮ ಸಭಾಮಂದಿರದಲ್ಲಿ, ತಬುವಾಕ ತನ್ನ ವರದಿ ಒಪ್ಪಿಸುತ್ತಿದ್ದ: ಇಬ್ಬರು ಆಳು ಎತ್ತಲಾಗದ ಬಬೈ, ಕಣ್ಣೆದುರೇ ಪುಡಿಪುಡಿ. ಮುದುಕರು ನಾಲಿಗೆ ಲೊಚಗುಟ್ಟಿದರು. ಎರಡು ವರದಿಗಳಿಗೂ ಸಾಕ್ಷಿ ನಾನೊಬ್ಬನೇ.

ಹುಣ್ಣಿಮೆಗೆ ಮದುವೆಯಾಯಿತು. ಊಟಕ್ಕೆ ಸೈನ್ಯದ ಡಬ್ಬಿ ಮಾಂಸ, ಬಿಸ್ಕತ್ತು. ತಬುವಾಕ ಅಮೆರಿಕದ ಸಿಗರೇಟು ಸೇದುತ್ತ ಹಿರಿಯರ ಸಾಲಿನ ಮೊದಲ ಚಾಪೆಯಲ್ಲಿ ಕುಳಿತಿದ್ದ. ಕಬೂತಿ ಕ್ಯಾಪ್ಟನ್ನನ ಹ್ಞಂಕಾರ ಮಾಡಿ ತೋರಿಸು ಎಂದು ಪಿಸುಗುಟ್ಟಿದಳು. ನಾನು ಬಿಸ್ಕತ್ತಿನ ಡಬ್ಬಿಯನ್ನು ಅವಳ ಕಡೆ ಸರಿಸಿದೆ.

ಅಮ್ಮ ಡಬ್ಬಿಯ ಮಾಂಸವನ್ನು ಮುಟ್ಟದೆ ನನ್ನ ಪಕ್ಕಕ್ಕೆ ಜರುಗಿದಳು. ಜನ್ಮದಲ್ಲಿ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದಳು.

"ಬೀಗರ ಬಬೈ ನೀನು ಕಣ್ಣಾರೆ ನೋಡಿದ್ಯಂತಲ್ಲೋ. ಎಷ್ಟು ದೊಡ್ಡದಿತ್ತು?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ.